ನಗಲು ಒಂದು ತಾಸು

ಕಾರ್ಖಾನೆಯ ಬಾಯ್ಲರ್ ಸಿಡಿದು ಗಂಡ ಸತ್ತಾಗ ನೀಲವ್ವ ತುಂಬು ಬಸುರಿ. ಪರಿಹಾರದ ಕೇಸು ನಡೆಸುವ ಶಕ್ತಿಯಿಲ್ಲದೆ, ಎಲ್ಲರ ಹಾಗೆ ಅವಳೂ ಕೇಸಿಗೆ ಬಂಡವಾಳ ಹಾಕುವ ಕಂಪನಿಗೆ ಸಹಿ ಹಾಕಿಕೊಟ್ಟಳು. ಷರತ್ತು ಊರಿಗೆಲ್ಲ ಗೊತ್ತಿದ್ದದ್ದೇ: ತೀರ್ಪು ಬರುವತನಕ ನಗಬಾರದು. ನಕ್ಕರೆ ಕೋರ್ಟಿನಲ್ಲಿ ದುಃಖದ ಬೆಲೆ ಇಳಿಯುತ್ತದೆ, ಕಂಪನಿಯ ಪಾಲೂ ಇಳಿಯುತ್ತದೆ. ತಾಳಿ ತೆಗೆದ ಕೊರಳಿಗೆ ನಗು ಹಿಡಿಯುವ ಬಿಲ್ಲೆಯೊಂದು ಬಂದು ಕೂತಿತು.

ಮಗಳು ಪಾರಿಗೆ ನಾಲ್ಕು ವರ್ಷವಾದರೂ ಕೇಸು ಮುಗಿದಿರಲಿಲ್ಲ. ಆಗ ಸರ್ಕಾರ ಗ್ರಾಹಕರ ರಕ್ಷಣೆಗೆಂದು ಹೊಸ ಕಾನೂನು ತಂದಿತು: ದಿನಕ್ಕೆ ಒಂದು ತಾಸು ನಗಬಹುದು. ಮೊದಲ ಸಂಜೆ ನಗುವ ತಾಸು ಶುರುವಾಗಿ ಬಿಲ್ಲೆಯ ದೀಪ ಆರಿದ್ದೇ ತಡ, ಪಕ್ಕದ ಮನೆಯ ಕಸ್ತೂರೆವ್ವ ಬಂದು ಕೂತಳು.

"ನಗು ಯವ್ವಾ, ಸರ್ಕಾರಾನ ಹೇಳೈತಿ."

"ನಗೂದು ಹೆಂಗಂತ ಮರತೇ ಹೋಗೈತಿ, ಅಕ್ಕಾ."

"ಮದುವ್ಯಾಗ ಒಡಪು ಕಟ್ಟಿ ಗಂಡನ ಹೆಸರು ಹೇಳಂದ್ರ, ಅಂಜಿ ಮೈದುನನ ಹೆಸರು ಹೇಳಿದ್ಯಲ್ಲ! ನಿನ್ನ ಗಂಡ ಬಾಸಿಂಗ ಬಿಚ್ಚಿ, 'ಹಂಗಾರ ನಾ ಮನಿಗೆ ಹೋಗ್ಲೇನು?' ಅಂದಿದ್ದ."

ನೀಲವ್ವನ ಹೊಟ್ಟೆಯೊಳಗಿಂದ ಎಂಥದೋ ಉಕ್ಕಿ ಬಂತು. ಹಲ್ಲು ಕಂಡವು, ಹೆಗಲು ಕುಣಿದವು, ಗಂಟಲಿನಿಂದ ದೊಡ್ಡ ಸದ್ದು ಹೊರಟಿತು.

ಪಾರಿ ಚೀರಿಕೊಂಡು ಕಸ್ತೂರೆವ್ವನ ಸೆರಗಿನಲ್ಲಿ ಮುಖ ಹುದುಗಿಸಿದಳು. "ದೊಡ್ಡವ್ವಾ, ಅವ್ವಗ ಏನೋ ಆಗೈತಿ! ನಿಲ್ಲಸು!"

ನೀಲವ್ವ ಬಾಯಿಗೆ ಕೈ ಒತ್ತಿ ನಗು ನುಂಗಿದಳು. "ಏನೂ ಆಗಿಲ್ಲ, ಬಾ ನನ ಕೂಸ" ಎಂದು ಎಂದಿನ ಮುಖ ತೋರಿಸಿದ ಮೇಲೆಯೇ ಮಗು ಅವಳ ತೊಡೆಗೆ ಬಂತು.