ಹಾಲು ಕುಡಿದವರ ಮನೆ

ಮೇಜಿನ ಮೇಲಿನ ಪುಟ್ಟ ಮಾದರಿ ಊರಿನಲ್ಲಿ ಗುರುಪಾದಪ್ಪನ ಇಪ್ಪತ್ತಮೂರನೆಯ ಮನೆ ಸಿದ್ಧವಾಗಿತ್ತು. ಬೆಂಕಿಪೊಟ್ಟಣದಷ್ಟು ಎತ್ತರ, ಮೇಲೊಂದು ಹಸಿರು ಸೂರು. ಇಂಥ ಊರು ಕಟ್ಟುವ ಹವ್ಯಾಸಿಗಳೆಲ್ಲರಂತೆ ಅವನೂ ಬೆಳಿಗ್ಗೆ ಸೋಡಾ ಬಾಟಲಿಯ ಮುಚ್ಚಳವನ್ನು ಹಣತೆಯ ಮೇಲಿಟ್ಟು ಹಾಲುಕ್ಕಿಸಿ, ಹೊಸ ಮನೆಯ ಮುಂದಿಟ್ಟ. ಯಾರೋ ಬಂದು ಕುಡಿಯುತ್ತಾರೆ. ಮರುದಿನ ಕಿಟಕಿಯಲ್ಲಿ ದೀಪ ಕಾಣುತ್ತದೆ. ಎಲ್ಲಿಂದ ಬಂದಿರಿ ಎಂದು ಕೇಳುವ ಪದ್ಧತಿಯಿಲ್ಲ. ಕುಡಿದವರದೇ ಮನೆ.

ಸ್ನಾನ ಮುಗಿಸಿ ಬಂದಾಗ ಮುಚ್ಚಳ ಖಾಲಿಯಾಗಿತ್ತು.

"ಇಷ್ಟು ಲಗೂ ಬಂದ್ರೇನು?" ಎಂದ.

"ಯಾರೂ ಬಂದಿಲ್ರಿ," ಎಂದಳು ಹೆಂಡತಿ ನೀಲವ್ವ. "ಬೆಕ್ಕು ಮೂಸಾಕ ಬಂತು. ದೇವರ ಹಾಲು ಎಂಜಲ ಆಗಬಾರ್ದಂತ ಕಣ್ಣಿಗೊತ್ತಿಕೊಂಡು ಕುಡದಬಿಟ್ಟೆ. ಆಮ್ಯಾಲ ನೆನಪಾತು."

ಮಧ್ಯಾಹ್ನ ಬಡಿಸುವಾಗ ಅವಳ ಬಳೆಗಳು ಒಂದೊಂದಾಗಿ ಕೈಯಿಂದ ಜಾರಿ ಬಿದ್ದವು. ಮೂರು ಗಂಟೆಗೆ ನೀರಿನ ಕೊಡದ ಬಾಯಿ ಅವಳಿಗೆ ಎಟುಕಲಿಲ್ಲ. ಹೊತ್ತು ಇಳಿಯುವಾಗ ಅವನೇ ಅವಳನ್ನು ಅಂಗೈಯಲ್ಲಿ ಎತ್ತಿ ಮೇಜಿನ ಮೇಲೆ ಹೊಸ ಮನೆಯ ಮುಂದಿಟ್ಟ.

"ಅಡಗಿಮನಿ ಕಿಟಕಿ ಸಣ್ಣದಾತು ನೋಡ್ರಿ, ಹೊಗಿ ಹೋಗೂದಿಲ್ಲ," ಎಂದಳು. ಅವನು ಸೂರು ತೆಗೆದು ಕಿಟಕಿ ದೊಡ್ಡದು ಮಾಡಿಕೊಟ್ಟ. ಆಮೇಲೆ ಅದೇ ಮುಚ್ಚಳದಲ್ಲಿ ಇನ್ನೊಮ್ಮೆ ಹಾಲುಕ್ಕಿಸಿ ತನ್ನ ತುಟಿಯ ಹತ್ತಿರ ತಂದ.

ಇಪ್ಪತ್ತೆರಡು ಬಾಗಿಲುಗಳು ಒಟ್ಟಿಗೆ ತೆರೆದವು. ಆರತಿ ತಟ್ಟೆ ಹಿಡಿದ ಹೆಂಗಸರು ನೀಲವ್ವನನ್ನು ಕರೆದುಕೊಳ್ಳಲು ಸಾಲಾಗಿ ನಿಂತಿದ್ದರು. ಅವಳು ಅವರತ್ತ ಎರಡು ಹೆಜ್ಜೆ ಇಟ್ಟವಳು, ತಿರುಗಿ ತಲೆಯೆತ್ತಿ ಗಂಡನನ್ನು ನೋಡಿದಳು.

"ನೀವು ಕುಡೀಬ್ಯಾಡ್ರಿ. ನೀವೂ ಬಂದ್ರ ನಮ್ಮೂರಿನ ಧೂಳು ಒರಸೋರು ಯಾರು?"