ಮೂರು ಬಕೆಟ್ ಸಿಹಿನೀರು

ಟ್ಯಾಂಕಿನಲ್ಲಿ ಉಳಿದಿದ್ದ ಮೂರು ಬಕೆಟ್ ಸಿಹಿನೀರಿನಲ್ಲಿ ಕೊನೆಯದನ್ನೂ ಅವಳು ತಲೆಯ ಮೇಲೆ ಸುರಿದುಕೊಂಡಳು. ಮೂರು ವರ್ಷ ಲೋಟದಲ್ಲಿ ಅಳೆದು ಕೊಟ್ಟ ಕೈಗೆ ಕಳ್ಳತನದಷ್ಟು ಖುಷಿಯಾಯಿತು. ಬೆಳಗಿನ ಕಾಫಿಗೆ ಒಂದು ಚೆಂಬು ಎತ್ತಿಟ್ಟಿದ್ದಳು, ಸಾಕು. ನಾಳೆ ಬಂದರು, ಬಂದರಿನಲ್ಲಿ ಮಗಳು, ಮಗಳ ತೋಳಿನಲ್ಲಿ ತಾನಿನ್ನೂ ನೋಡದ ಮೊಮ್ಮಗು. ಉಪ್ಪುಗಟ್ಟಿದ ತಲೆ ಹೊತ್ತು ಹೋಗುವುದುಂಟೇ?

ಗಂಡನನ್ನು ಕೇಳಲಿಲ್ಲ. ಈ ಪುಟ್ಟ ಹಾಯಿದೋಣಿಯ ಸರ್ಕಾರದಲ್ಲಿ ನೀರು ಅವಳ ಖಾತೆ, ದಿಕ್ಕು ಅವನ ಖಾತೆ. ಒಬ್ಬರದರಲ್ಲಿ ಇನ್ನೊಬ್ಬರು ಕೈಹಾಕುವಂತಿಲ್ಲ. ಅವನು ಚುಕ್ಕಾಣಿ ಹಿಡಿದು ಸಿಳ್ಳೆ ಹಾಕುತ್ತಿದ್ದ. ದಡ ಅಂದರೆ ಮುಖ ಸಿಂಡರಿಸುತ್ತಿದ್ದವನು ಎರಡು ದಿನದಿಂದ ಮದುಮಗನ ಹಾಗಿದ್ದ.

ಎರಡು ದಿನದ ಮೋಡ ಇವತ್ತು ಸರಿದಿತ್ತು. ಅವಳು ದೋಣಿಯ ಮೂತಿಯತ್ತ ಮುಖ ಮಾಡಿ, ಕೂದಲು ಹರಡಿ ಕೂತಳು. ಸಂಜೆಬಿಸಿಲು ಬೆನ್ನಿಗೆ ಹಿತವಾಗಿತ್ತು. ಊರಿಗೆ ಮರಳುವ ಈ ದಾರಿಯುದ್ದಕ್ಕೂ ಸಂಜೆ ಹೊತ್ತು ಅದು ಕಣ್ಣಿಗೆ ಹೊಡೆಯುತ್ತಿತ್ತು ಎಂದು ನೆನಪಾಗುವವರೆಗೂ ಹಿತವಾಗಿಯೇ ಇತ್ತು.

“ಏನ್ರೀ, ಸೂರ್ಯ ಯಾಕೆ ಹಿಂದಿದ್ದಾನೆ?”

“ಮೊನ್ನೆನೇ ತಿರುಗಿಸಿದೆ ಕಣೇ. ನೀನು ಮಲಗಿದ್ದೆ, ಎಬ್ಬಿಸೋದ್ಯಾಕೆ ಅಂತ ಸುಮ್ಮನಾದೆ. ದಡದಲ್ಲಿ ನಮಗೇನಿದೆ ಹೇಳು?”

“ಮೊಮ್ಮಗು ಇದೆ.”

“ಅದೆಲ್ಲಿ ಓಡಿಹೋಗುತ್ತೆ?” ಅವನು ನಕ್ಕ. “ಹತ್ತು ದಿನಕ್ಕೆ ಆ ಕಡೆ ದ್ವೀಪ ಸಿಗುತ್ತೆ. ಅಲ್ಲೀವರೆಗೆ ನೀರು ನೀನು ಹೇಗಾದ್ರೂ ಉಳಿಸಿರ್ತೀಯ, ನಂಗೊತ್ತು. ಬಾಯಾರಿದೆ, ಒಂದು ಲೋಟ ಕೊಡು.”

ತಲೆ ಒರೆಸಿ ಕಡಲಿಗೆ ಹಿಂಡಲೆಂದು ಎತ್ತಿದ್ದ ಒದ್ದೆ ಟವೆಲನ್ನು ಅವಳು ಮೆಲ್ಲಗೆ ಬಕೆಟ್ಟಿನ ಮೇಲೆ ತಂದಳು.