ಕಾಲ್ ಎತ್ತಬ್ಯಾಡ

ಹ್ಯಾಂಡ್‌ಬ್ರೇಕ್ ಎಳೆದಿದ್ದರೂ ಆ ಹಳೇ ಕಾರು ಮನೆಮುಂದಿನ ಇಳಿಜಾರಿನಲ್ಲಿ ಜಾರುತ್ತಿತ್ತು. ಗಂಡ ಅದರ ಕೆಳಗೇ ತೂರಿ ಕೇಬಲ್ ಬಿಗಿ ಮಾಡುತ್ತಿದ್ದ. ಕಾರು ಉರುಳದಂತೆ ಕಾಲಿನ ಬ್ರೇಕ್ ಒತ್ತಿ ಕೂತವಳು ಹೊಸ ಸೊಸೆ ಶಂಕ್ರವ್ವ.

“ಕಾಲ್ ಎತ್ತಿದ್ಯಂದ್ರ ನಾ ರೊಟ್ಟಿ ಆಗ್ತೀನಿ ನೋಡ!”

“ಹಂಗನ್ನಬ್ಯಾಡ್ರಿ, ಮೊದಲೇ ಕಾಲು ನಡಗಾಕತ್ತೈತಿ.”

ಅಷ್ಟರಲ್ಲಿ ಪೇಟೆಯಿಂದ ಮಾವ ಬಂದರು.

“ಏನವ್ವಾ, ಕಾರ್ ಹೊಡಿಯಾಕ ಕಲತಿ?”

ಮದುವೆಯಾದಾಗಿನಿಂದ ಅವಳು ಅವರೆದುರು ಒಮ್ಮೆಯೂ ಕೂತವಳಲ್ಲ. ದಡಕ್ಕನೆ ಕೆಳಗಿಳಿದು, ತಲೆಯ ಮೇಲೆ ಸೆರಗೆಳೆದುಕೊಂಡು ನಿಂತಳು. ನಿಂತ ಮೇಲೆ ಬ್ರೇಕ್ ನೆನಪಾಯಿತು. ತಟ್ಟನೆ ತಿರುಗಿ ನೋಡಿದಳು; ಕಾರು ನಿಂತಲ್ಲೇ ನಿಂತಿತ್ತು.

ಕಾರಿನ ಕೆಳಗಿನಿಂದ ಗಂಡ ಕೂಗಿದ: “ಬಿಗಿ ಆತು. ಈಗ ಸಾವಕಾಶ ಕಾಲ್ ತಗಿ, ಹಿಡಿತೈತೇನ ನೋಡೂಣು!”